ಅಗ್ಗದ ಸಾಫ್ಟ್‌ವೇರ್ ಕೀ: ಕೊಟ್ಟ 500 ರೂಪಾಯಿಗೆ ಸಿಗುವುದೇನು?

ವಾಟ್ಸ್‌ಆ್ಯಪ್‌ನಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ನಾಲ್ಕೈನೂರು ರೂಪಾಯಿಗೆ ಸಿಗುವ ವಿಂಡೋಸ್, ಆಫೀಸ್, ಆಂಟಿವೈರಸ್ ಕೀಗಳನ್ನು (ಸಾಫ್ಟ್‌ವೇರ್ ಚಾಲೂ ಮಾಡಲು ಹಾಕುವ ಸಂಕೇತ) ಕೊಳ್ಳಬಹುದೇ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಅಕ್ಕಿ ಗಿರಣಿ. ಆಫೀಸಿನಲ್ಲಿ ಮೂರು ಕಂಪ್ಯೂಟರ್ ಅದಾವ. ರಿಪೇರಿಗೆ ಬರೋ ಹುಡುಗ ವಿಂಡೋಸ್ 11 ಪ್ರೊ ಕೀ 450 ರೂಪಾಯಿಗೆ, ಆಫೀಸ್ ಕೀ 600ಕ್ಕೆ ತರಿಸಿ ಕೊಡ್ತೀನಿ, ಒರಿಜಿನಲ್ ಐತಿ, ಮೈಕ್ರೋಸಾಫ್ಟ್‌ನವರ ಸರ್ವರ್‌ನಲ್ಲೇ ಆ್ಯಕ್ಟಿವೇಟ್ ಆಗತೈತಿ ಅಂತಾನ. ಅಂಗಡಿಯಲ್ಲಿ ಇದರ ಇಪ್ಪತ್ತು ಪಟ್ಟು ರೇಟು ಹೇಳ್ತಾರ. ಇಷ್ಟು ಫರಕು ಯಾಕ? ತಗೊಂಡ್ರ ಏನಾಗತೈತಿ?
— ಗಿರಣಿ ಮಾಲೀಕರು, ಕಾರಟಗಿ

ಉತ್ತರ: ಹುಡುಗ ಸುಳ್ಳು ಹೇಳುತ್ತಿಲ್ಲ. ಇಂಥ ಕೀಗಳಲ್ಲಿ ಬಹಳಷ್ಟು ನಿಜವಾಗಿಯೂ ಆ್ಯಕ್ಟಿವೇಟ್ ಆಗುತ್ತವೆ. ಆದರೆ ಆ್ಯಕ್ಟಿವೇಟ್ ಆದದ್ದು ಬೇರೆ, ಬಳಸುವ ಹಕ್ಕು ನಿಮಗೆ ಬಂದದ್ದು ಬೇರೆ. ಎಪಿಎಂಸಿ ಗೇಟಿನ ಕಾವಲುಗಾರ ಚೀಟಿ ನೋಡಿ ಲಾರಿ ಒಳಗೆ ಬಿಡುತ್ತಾನೆ, ಭತ್ತ ಯಾರ ಹೊಲದ್ದು ಎಂದು ಕೇಳುವುದಿಲ್ಲ. ಆ್ಯಕ್ಟಿವೇಷನ್ ಸರ್ವರ್ ಕೂಡ ಹಾಗೆಯೇ. 25 ಅಕ್ಷರದ ಕೀ ಸರಿ ಇದೆಯೇ, ಇದುವರೆಗೆ ಎಷ್ಟು ಸಲ ಬಳಕೆಯಾಗಿದೆ, ಇಷ್ಟನ್ನೇ ನೋಡುತ್ತದೆ. ಆ ಕೀ ಯಾರಿಗೆ ಮಾರಿದ್ದು, ನಿಮ್ಮ ಕೈಗೆ ಹೇಗೆ ಬಂತು ಎಂಬ ಲೆಕ್ಕ ಆಮೇಲೆ ನಡೆಯುತ್ತದೆ.

ಬೆಲೆ ಇಷ್ಟು ಇಳಿಯುವುದಕ್ಕೆ ಕಾರಣ ಕೀಯ ಮೂಲದಲ್ಲಿದೆ. ದೊಡ್ಡ ಕಂಪನಿಗಳಿಗೆ, ವಿಶ್ವವಿದ್ಯಾಲಯಗಳಿಗೆ ಮೈಕ್ರೋಸಾಫ್ಟ್ ವಾಲ್ಯೂಮ್ ಲೈಸೆನ್ಸ್ ಕೊಡುತ್ತದೆ. ಅದರಲ್ಲಿ ಎಂಎಕೆ ಎಂಬ ಒಂದು ಕೀಯಿಂದ ನೂರಾರು ಯಂತ್ರಗಳನ್ನು ಆ್ಯಕ್ಟಿವೇಟ್ ಮಾಡಬಹುದು. ಒಳಗಿನವರು ಯಾರೋ ಆ ಕೀಯನ್ನು ಹೊರಗೆ ಬಿಟ್ಟರೆ ಅದೇ ಒಂದು ಕೀ ನೂರಾರು ಜನರಿಗೆ ಮಾರಾಟವಾಗುತ್ತದೆ. ಇನ್ನು ಕೆಲವು ಸಾಫ್ಟ್‌ವೇರ್ ಡೆವಲಪರ್‌ಗಳಿಗೆ ಪರೀಕ್ಷೆಗೆಂದು ಸಿಗುವ ಚಂದಾದ ಕೀಗಳು. ಕೆಲವು ಗುಜರಿಗೆ ಹೋದ ಹಳೆಯ ಕಂಪ್ಯೂಟರ್‌ಗಳ ಸ್ಟಿಕರ್‌ನಿಂದ ಬರೆದುಕೊಂಡ ಒಇಎಂ ಕೀಗಳು, ಅಂದರೆ ಕಂಪ್ಯೂಟರ್ ತಯಾರಕರು ಯಂತ್ರದ ಜೊತೆಗೇ ಕೊಟ್ಟವು. ಎಲ್ಲಕ್ಕಿಂತ ಕೆಟ್ಟದ್ದು ಕದ್ದ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡ ಕೀ. ಕಾರ್ಡಿನ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆದ ಮೇಲೆ ಕೀ ರದ್ದಾಗುತ್ತದೆ, ಅಷ್ಟರಲ್ಲಿ ಅದು ನಿಮ್ಮ ಕಂಪ್ಯೂಟರ್‌ನಲ್ಲಿ ಕೂತಿರುತ್ತದೆ.

ನೀವು ಕೊಳ್ಳುತ್ತಿರುವುದು ಯಾವ ಜಾತಿಯ ಕೀ ಎಂದು ಮಾರುವವನ ಮಾತಿನಿಂದಲೇ ಊಹಿಸಬಹುದು. ‘ಕೀ ಹಾಕಿದ ಮೇಲೆ ಪರದೆಯ ಮೇಲೆ ಬರುವ ಉದ್ದನೆಯ ನಂಬರಿನ ಫೋಟೊ ಕಳಿಸಿ, ನಾನು ಇನ್ನೊಂದು ನಂಬರ್ ಕೊಡುತ್ತೇನೆ’ ಎಂದರೆ ಅದು ಫೋನ್ ಆ್ಯಕ್ಟಿವೇಷನ್. ಏಳೇಳು ಅಂಕೆಗಳ ಒಂಬತ್ತು ಗುಂಪು, ಒಟ್ಟು 63 ಅಂಕೆ ನೀವು ಕಳಿಸಬೇಕು. ಅವನು ಆರಾರು ಅಂಕೆಗಳ ಎಂಟು ಗುಂಪು, ಅಂದರೆ 48 ಅಂಕೆ ಕೊಡುತ್ತಾನೆ. ಈ ಸುತ್ತು ದಾರಿ ಬೇಕಾಯಿತೆಂದರೆ ಆ ಕೀಯ ಆನ್‌ಲೈನ್ ಮಿತಿ ಹೆಚ್ಚಾಗಿ ಮುಗಿದೇ ಹೋಗಿರುತ್ತದೆ. ಮುಂದೆ ಹಾರ್ಡ್‌ಡಿಸ್ಕ್ ಕೆಟ್ಟು ಹೊಸದಾಗಿ ವಿಂಡೋಸ್ ಹಾಕುವಾಗ ಅವನೇ ಬೇಕು, ಆಗ ಅವನ ನಂಬರ್ ಸ್ವಿಚ್ ಆಫ್ ಇರುತ್ತದೆ.

ಆಫೀಸ್ ಕೀಯಲ್ಲಿ ಗುರುತು ಇನ್ನೂ ಸುಲಭ. 600 ರೂಪಾಯಿಗೆ ಸಿಗುವುದು ‘ಪ್ರೊಫೆಷನಲ್ ಪ್ಲಸ್’ ಆವೃತ್ತಿ. ಅದನ್ನು ಮೈಕ್ರೋಸಾಫ್ಟ್ ಬಿಡಿ ಗಿರಾಕಿಗಳಿಗೆ ಡಬ್ಬಿಯಲ್ಲಿ ಮಾರುವುದೇ ಇಲ್ಲ. ಸಣ್ಣ ವ್ಯಾಪಾರಿಗೆ ಇರುವುದು ‘ಹೋಮ್ ಆ್ಯಂಡ್ ಬಿಸಿನೆಸ್’ ಆವೃತ್ತಿ, ಇಲ್ಲವೇ ವರ್ಷದ ಚಂದಾ. ಬರೀ ‘ಹೋಮ್’ ಎಂದಿರುವ ಆಫೀಸ್ ಮನೆ ಬಳಕೆಗೆ ಮಾತ್ರ, ಗಿರಣಿ ಲೆಕ್ಕಕ್ಕೆ ಅದರ ಷರತ್ತು ಒಪ್ಪುವುದಿಲ್ಲ.

‘ಯೂರೋಪಿನಲ್ಲಿ ಇದು ಕಾನೂನುಬದ್ಧ’ ಎಂದು ಮಾರುವವರು ಹೇಳುವುದುಂಟು. ಅದರ ಹಿಂದೆ ಅರ್ಧ ಸತ್ಯವಿದೆ. 2012ರ ಜುಲೈ 3ರಂದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ ಯೂಸ್ಡ್‌ಸಾಫ್ಟ್ ಮತ್ತು ಒರಾಕಲ್ ಪ್ರಕರಣದಲ್ಲಿ ಶಾಶ್ವತ ಲೈಸೆನ್ಸನ್ನು ಮರುಮಾರಾಟ ಮಾಡಬಹುದು ಎಂದಿತು. ಆದರೆ ಮೊದಲ ಕೊಳ್ಳುಗ ತನ್ನ ಪ್ರತಿಯನ್ನು ಬಳಸದಂತೆ ಮಾಡಿರಬೇಕು, ಒಂದೇ ಲೈಸೆನ್ಸನ್ನು ತುಂಡು ಮಾಡಿ ಮಾರುವಂತಿಲ್ಲ ಎಂಬ ಷರತ್ತುಗಳೂ ಅದೇ ತೀರ್ಪಿನಲ್ಲಿವೆ. ಅದು ಭಾರತಕ್ಕೆ ಅನ್ವಯಿಸುವ ತೀರ್ಪಲ್ಲ. ಇಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮು, ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರ್‌ನಲ್ಲಿ ಬಳಸಿದವರಿಗೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಹೇಳುತ್ತದೆ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸದವರಿಗೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಗಿರಣಿ ವ್ಯಾಪಾರವೇ ಆದ್ದರಿಂದ ಆ ರಿಯಾಯಿತಿ ನಿಮಗಿಲ್ಲ. ವಾಲ್ಯೂಮ್ ವಿಂಡೋಸ್ ಲೈಸೆನ್ಸ್ ಬರೀ ಅಪ್‌ಗ್ರೇಡ್ ಎಂಬುದೂ ಗೊತ್ತಿರಲಿ. ಕಂಪ್ಯೂಟರ್‌ನಲ್ಲಿ ಮೊದಲೇ ಒಂದು ಅರ್ಹ ವಿಂಡೋಸ್ ಲೈಸೆನ್ಸ್ ಇಲ್ಲದಿದ್ದರೆ ಅದು ಕಾಗದದ ಮೇಲೂ ನಿಲ್ಲುವುದಿಲ್ಲ.

ಹಾಗಾಗಿ ನಮ್ಮ ಸಲಹೆ: ಬೇಡ. ಮೊದಲು ಮೂರೂ ಕಂಪ್ಯೂಟರ್‌ಗಳ ಹಳೆಯ ಬಿಲ್ಲು ತೆಗೆದು ನೋಡಿ, ಕೊಳ್ಳುವಾಗಲೇ ವಿಂಡೋಸ್ ಬಂದಿತ್ತೇ ಎಂದು. ಬಂದಿದ್ದರೆ ಹೊಸ ಕೀ ಬೇಕಿಲ್ಲ. ಇಲ್ಲದಿದ್ದರೆ ಅಧಿಕೃತ ಮಾರಾಟಗಾರರಿಂದ ರೀಟೇಲ್ ಲೈಸೆನ್ಸ್ ಕೊಳ್ಳಿ. ಒಇಎಂ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ವೋಲ್ಟೇಜ್ ಏರಿಳಿತಕ್ಕೆ ಬೋರ್ಡು ಸುಟ್ಟರೆ ಲೈಸೆನ್ಸೂ ಹೋದಂತೆ. ರೀಟೇಲ್ ಆದರೆ ಹೊಸ ಯಂತ್ರಕ್ಕೆ ಸಾಗಿಸಬಹುದು. ಗಿರಣಿಯ ಕರೆಂಟಿನ ಪರಿಸ್ಥಿತಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಬಿಲ್ಲಿನಲ್ಲಿ ಮಾರಾಟಗಾರರ 15 ಅಂಕಿ-ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಲಿ. ಅದು ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿದರೆ ಅಂಗಡಿಯ ಹೆಸರು ತೋರಿಸುತ್ತದೆ. ಸಾಫ್ಟ್‌ವೇರ್ ಮೇಲಿನ 18% ತೆರಿಗೆಯನ್ನು ನೀವು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆಯಬಹುದು. 450 ರೂಪಾಯಿಯ ಕೀಗೆ ಬಿಲ್ಲೇ ಇರುವುದಿಲ್ಲ, ಇದ್ದರೂ ಇನ್‌ಪುಟ್ ಕ್ರೆಡಿಟ್ ತೋರಿಸುವ ನಿಮ್ಮ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬರುವುದಿಲ್ಲ. ಆಫೀಸ್ ಮೂರಕ್ಕೂ ಬೇಕೇ ಯೋಚಿಸಿ. ಎಕ್ಸೆಲ್‌ನಲ್ಲಿ ದಿನವಿಡೀ ಕೆಲಸ ಮಾಡುವವರ ಕಂಪ್ಯೂಟರ್‌ಗೆ ಮಾತ್ರ ಕೊಂಡು, ತೂಕದ ಚೀಟಿ, ಪತ್ರ ಬರೆಯುವ ಉಳಿದೆರಡಕ್ಕೆ ಉಚಿತವಾದ ಲಿಬ್ರೆ ಆಫೀಸ್ ಹಾಕಿದರೆ ಸಾಕು.

ಪ್ರಶ್ನೆ: ನಮ್ಮ ಜೀನ್ಸ್ ಹೊಲಿಗೆ ಘಟಕಕ್ಕೆ ಎರಡು ವರ್ಷದ ಹಿಂದೆ ತಂದ ಲ್ಯಾಪ್‌ಟಾಪ್ ಸ್ಲೋ ಆಯಿತೆಂದು ಅಂಗಡಿಗೆ ಕೊಟ್ಟೆವು. ಫಾರ್ಮ್ಯಾಟ್ ಮಾಡಿ ಕೊಟ್ಟರು. ಈಗ ಪರದೆಯ ಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂದು ಬರುತ್ತಿದೆ. ಕೀ ಹಾಕಿಸಲು 800 ಕೇಳುತ್ತಾರೆ. ಕೊಡಬೇಕೇ?
— ಬಳ್ಳಾರಿ ಓದುಗರು

ಉತ್ತರ: ಕೊಡಬೇಡಿ. ನಿಮ್ಮ ಲೈಸೆನ್ಸ್ ಲ್ಯಾಪ್‌ಟಾಪ್ ಒಳಗೇ ಇರುವ ಸಾಧ್ಯತೆ ಬಹಳ ಹೆಚ್ಚು.

ವಿಂಡೋಸ್ 8 ಬಂದ 2012ರಿಂದ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಬಯೋಸ್‌ನಲ್ಲೇ ಬರೆದು ಕಳಿಸುತ್ತವೆ. ಫಾರ್ಮ್ಯಾಟ್ ಮಾಡಿದರೂ ಅದು ಅಳಿಸುವುದಿಲ್ಲ. ನಮ್ಮ ದೇಶದಲ್ಲಿ ಮಾರುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಬರುವುದು ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’. ರಿಪೇರಿ ಅಂಗಡಿಯವರ ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿ ಇರುವುದು ‘ಪ್ರೊ’. ಹೋಮ್‌ನ ಕೀ ಪ್ರೊಗೆ ಹೊಂದುವುದಿಲ್ಲ, ಆದ್ದರಿಂದ ಆ ಬರಹ ಕಾಣಿಸಿಕೊಳ್ಳುತ್ತದೆ.

ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಷನ್ ತೆರೆದು ಆವೃತ್ತಿಯ ಹೆಸರು ನೋಡಿ. ಬಿಲ್ಲಿನಲ್ಲಿ ಹೋಮ್ ಎಂದಿದ್ದು ಇಲ್ಲಿ ಪ್ರೊ ಎಂದಿದ್ದರೆ ಕಾರಣ ಸಿಕ್ಕಿತು. ಬಿಲ್ಲಿನಲ್ಲಿ ‘ಡಾಸ್’ ಎಂದಿದ್ದರೆ ಮಾತ್ರ ಒಳಗೆ ಕೀ ಇರುವುದಿಲ್ಲ. ಸರಿಪಡಿಸಲು 8 ಜಿಬಿಯ ಪೆನ್‌ಡ್ರೈವ್ ಒಂದು ಬೇಕು. ಮೈಕ್ರೋಸಾಫ್ಟ್ ತಾಣದಿಂದ ‘ಮೀಡಿಯಾ ಕ್ರಿಯೇಷನ್ ಟೂಲ್’ ಇಳಿಸಿಕೊಂಡು ಅದರಿಂದ ಪೆನ್‌ಡ್ರೈವ್ ತಯಾರಿಸಿ. ಅದರಲ್ಲಿದ್ದದ್ದೆಲ್ಲ ಅಳಿಸುತ್ತದೆ, ಖಾಲಿ ಪೆನ್‌ಡ್ರೈವ್ ಬಳಸಿ. ಲ್ಯಾಪ್‌ಟಾಪಿನ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆ, ಆ ಡಿಸ್ಕನ್ನು ಕಳಚಿಟ್ಟು, ಪೆನ್‌ಡ್ರೈವಿನಿಂದ ಬೂಟ್ ಮಾಡಿ. ಕೀ ಒಳಗಿದ್ದರೆ ಇನ್‌ಸ್ಟಾಲರ್ ಅದನ್ನು ಓದಿ ತಾನೇ ಹೋಮ್ ಆವೃತ್ತಿ ಆರಿಸಿಕೊಳ್ಳುತ್ತದೆ, ಕೀ ಕೇಳುವುದೂ ಇಲ್ಲ. ಮುಗಿದ ಮೇಲೆ ಇಂಟರ್‌ನೆಟ್ ಕೊಟ್ಟರೆ ಆ್ಯಕ್ಟಿವೇಟ್ ಆಗುತ್ತದೆ. ಖರ್ಚು, ಪೆನ್‌ಡ್ರೈವಿನದು ಮಾತ್ರ.

ಯಾರೋ ಹಾಕಿಕೊಟ್ಟ ವಿಂಡೋಸ್ ಎಂಥದೆಂದು ತಿಳಿಯಲು ಇನ್ನೊಂದು ಸುಲಭ ಪರೀಕ್ಷೆ ಇದೆ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಮಾಡಿ ನೋಡಿ. ವಿಂಡೋಸ್ ಗುಂಡಿ ಮತ್ತು ಆರ್ ಗುಂಡಿ ಒಟ್ಟಿಗೆ ಒತ್ತಿ. ಬರುವ ಸಣ್ಣ ಕಿಟಕಿಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರ, ಒಂದು ಜಾಗ, ಬಲಕ್ಕೆ ವಾಲಿದ ಓರೆಗೆರೆ, ಅದಕ್ಕೆ ಅಂಟಿಸಿ ಡಿ, ಎಲ್, ಐ ಎಂದು ಟೈಪಿಸಿ ಎಂಟರ್ ಕೊಡಿ. ಕೆಲವು ಸೆಕೆಂಡಿನ ಮೇಲೆ ಬರುವ ಪೆಟ್ಟಿಗೆಯಲ್ಲಿ ‘ಚಾನೆಲ್’ ಎಂಬ ಪದದ ಹಿಂದೆ ಏನಿದೆ ನೋಡಿ. ‘ಒಇಎಂ ಡಿಎಂ’ ಎಂದಿದ್ದರೆ ಲ್ಯಾಪ್‌ಟಾಪ್ ಜೊತೆ ಬಂದದ್ದು. ‘ರೀಟೇಲ್’ ಎಂದರೆ ಬಿಡಿಯಾಗಿ ಮಾರುವ ಬಗೆಯದು. ‘ವಾಲ್ಯೂಮ್ ಎಂಎಕೆ’ ಎಂದರೆ ಯಾವುದೋ ಸಂಸ್ಥೆಯದು. ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದಿದ್ದು ನಿಮ್ಮದು ದೊಡ್ಡ ಕಂಪನಿ ಅಲ್ಲದಿದ್ದರೆ, ಅಂಗಡಿಯವರು ‘ಆ್ಯಕ್ಟಿವೇಟರ್’, ಅಂದರೆ ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡಿಸುವ ಕಳ್ಳ ತಂತ್ರಾಂಶ, ಓಡಿಸಿದ್ದಾರೆ ಎಂದೇ ತಿಳಿಯಿರಿ. ನಿಜವಾದ ಕೆಎಂಎಸ್, ಸಂಸ್ಥೆಯ ಒಳಗಿನ ಸರ್ವರ್‌ನಿಂದಲೇ ಯಂತ್ರಗಳನ್ನು ಆ್ಯಕ್ಟಿವೇಟ್ ಮಾಡಲು, ಕನಿಷ್ಠ 25 ಕಂಪ್ಯೂಟರ್‌ಗಳಿರುವ ಜಾಲಕ್ಕೆ ಮಾಡಿದ ವ್ಯವಸ್ಥೆ. ಒಂದು ಸಲದ ಆ್ಯಕ್ಟಿವೇಷನ್ 180 ದಿನ ಮಾತ್ರ ಬಾಳುತ್ತದೆ. ಡಿ, ಎಲ್, ಐ ಬದಲು ಎಕ್ಸ್, ಪಿ, ಆರ್ ಎಂದು ಟೈಪಿಸಿದರೆ ಮುಗಿಯುವ ತಾರೀಖನ್ನೂ ತೋರಿಸುತ್ತದೆ.

ಆ್ಯಕ್ಟಿವೇಟರ್ ಓಡಿಸಿದ ಕಂಪ್ಯೂಟರ್‌ನಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಅದನ್ನು ಓಡಿಸುವ ಮೊದಲು ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಬಂದ್ ಮಾಡಲೇಬೇಕು, ಆ ಬಾಗಿಲಿನಿಂದ ಇನ್ನೇನು ಒಳಬಂತು ಎಂದು ಯಾರೂ ನೋಡಿರುವುದಿಲ್ಲ. ಕೆಎಂಎಸ್‌ಪಿಕೊ ಎಂಬ ಆ್ಯಕ್ಟಿವೇಟರ್ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳ ಒಳಗೆ ಪಾಸ್‌ವರ್ಡ್ ಕದಿಯುವ ಕ್ರಿಪ್ಟ್‌ಬಾಟ್ ಇದ್ದದ್ದನ್ನು ಭದ್ರತಾ ಸಂಶೋಧಕರು 2021ರಲ್ಲೇ ಬಯಲು ಮಾಡಿದ್ದಾರೆ. ಇಂಥ ಯಂತ್ರಕ್ಕೆ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೊಂದೇ ಮದ್ದು.

ಪ್ರಶ್ನೆ: ‘ಆಫೀಸ್ 365, ಲೈಫ್‌ಟೈಮ್, 5 ಕಂಪ್ಯೂಟರ್, 5 ಟಿಬಿ ಒನ್‌ಡ್ರೈವ್, 399 ರೂಪಾಯಿ’ ಎಂಬ ಜಾಹೀರಾತು ನೋಡಿದೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಬೇಕು.
— ಪದವಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಮೈಕ್ರೋಸಾಫ್ಟ್ 365 ಎಂಬುದು ತಿಂಗಳ ಅಥವಾ ವರ್ಷದ ಚಂದಾ. ಅದರಲ್ಲಿ ‘ಲೈಫ್‌ಟೈಮ್’ ಎಂಬುದೇ ಇಲ್ಲ. 399ಕ್ಕೆ ನಿಮಗೆ ಸಿಗುವುದು ಕೀಯೂ ಅಲ್ಲ, ಒಂದು ಯೂಸರ್‌ನೇಮ್ ಮತ್ತು ಪಾಸ್‌ವರ್ಡ್. ಎಲ್ಲಿನದೋ ಕಾಲೇಜಿನ ಅಥವಾ ಕಂಪನಿಯ ಖಾತೆಯಲ್ಲಿ ನಿಮ್ಮನ್ನು ಸದಸ್ಯೆಯಾಗಿ ಸೇರಿಸಿರುತ್ತಾರೆ. ಆ ಸಂಸ್ಥೆಯ ಅಡ್ಮಿನ್ ಬೇಕೆಂದಾಗ ಪಾಸ್‌ವರ್ಡ್ ಬದಲಿಸಬಹುದು, ನಿಮ್ಮ ಒನ್‌ಡ್ರೈವ್ ತೆರೆದು ನೋಡಬಹುದು, ಖಾತೆ ಅಳಿಸಬಹುದು. ಅಳಿಸಿದ ದಿನ ನಿಮ್ಮ ರಿಪೋರ್ಟೂ ಹೋಗುತ್ತದೆ. ಆಧಾರ್ ಪ್ರತಿ, ಅಂಕಪಟ್ಟಿ, ಫೋಟೊಗಳನ್ನು ಅಂಥ ಜಾಗದಲ್ಲಿ ಇಡುವುದಂತೂ ಬೇಡವೇ ಬೇಡ.

ನಿಮ್ಮ ಕಾಲೇಜು ಇಮೇಲ್ ಐಡಿ ಕೊಟ್ಟಿದ್ದರೆ ಮೈಕ್ರೋಸಾಫ್ಟಿನ ಶಿಕ್ಷಣ ಪುಟದಲ್ಲಿ ಅದನ್ನು ಹಾಕಿ ನೋಡಿ. ಕಾಲೇಜು ಅರ್ಹವಾಗಿದ್ದರೆ ವೆಬ್ ಆವೃತ್ತಿಯ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಉಚಿತ. ಐಡಿ ಇಲ್ಲದಿದ್ದರೂ ಯಾವುದೇ ಸ್ವಂತ ಮೈಕ್ರೋಸಾಫ್ಟ್ ಖಾತೆಯಿಂದ ಬ್ರೌಸರ್‌ನಲ್ಲಿ ವರ್ಡ್ ಬಳಸಬಹುದು. ಇಂಟರ್‌ನೆಟ್ ಸದಾ ಸಿಗದಿದ್ದರೆ ಲಿಬ್ರೆ ಆಫೀಸ್ ಹಾಕಿಕೊಳ್ಳಿ, ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಕಾಲೇಜಿಗೆ ಕೊಡುವಾಗ ಪಿಡಿಎಫ್ ಮಾಡಿಕೊಡಿ, ಬೇರೆ ಕಂಪ್ಯೂಟರ್‌ನಲ್ಲಿ ಪುಟ ಕದಲುವುದಿಲ್ಲ.

ಪ್ರಶ್ನೆ: ಹತ್ತಿ ವ್ಯಾಪಾರ ನಮ್ಮದು. ಟ್ಯಾಲಿ ಪ್ರೈಮ್ ‘ಲೈಫ್‌ಟೈಮ್ ಲೈಸೆನ್ಸ್’ 2,500ಕ್ಕೆ ಕೊಡುತ್ತೇವೆ ಎಂದು ಒಬ್ಬರು, ಅಂಗಡಿ ಮುಚ್ಚಿದವರ ಹಳೆಯ ಲೈಸೆನ್ಸ್ ಇದೆ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ.
— ಸಿಂಧನೂರು ಓದುಗರು

ಉತ್ತರ: ಎರಡೂ ಒಂದೇ ಅಲ್ಲ, ಬೇರೆ ಬೇರೆಯಾಗಿ ನೋಡೋಣ.

2,500ರದು ಕ್ರ್ಯಾಕ್. ಟ್ಯಾಲಿಯ ಲೈಸೆನ್ಸ್ 9 ಅಂಕೆಯ ಸೀರಿಯಲ್ ನಂಬರ್ ಮೇಲೆ, ಒಂದು ಇಮೇಲ್ ಖಾತೆಗೆ ಸೇರಿಕೊಂಡು ನಡೆಯುತ್ತದೆ. ಕ್ರ್ಯಾಕ್‌ನಲ್ಲಿ ಆ ಎರಡೂ ಇರುವುದಿಲ್ಲ, ಪ್ರೋಗ್ರಾಮಿನ ಕಡತವನ್ನೇ ತಿದ್ದಿರುತ್ತಾರೆ. ಜಿಎಸ್‌ಟಿ ನಿಯಮ ಬದಲಾದಾಗಲೆಲ್ಲ ಹೊಸ ಆವೃತ್ತಿ ಬರುತ್ತದೆ, ಅದನ್ನು ಹಾಕಿದ ಕೂಡಲೇ ಕ್ರ್ಯಾಕ್ ಮುರಿಯುತ್ತದೆ. ಹಾಕದೆ ಕೂತರೆ ಹಳೆಯ ನಮೂನೆಯಲ್ಲೇ ರಿಟರ್ನ್ ತಯಾರಾಗುತ್ತದೆ. ಇನ್ನೊಂದು ತೊಡಕು ಡೇಟಾದ್ದು. ಹೊಸ ಆವೃತ್ತಿಗೆ ಬದಲಾದ ಡೇಟಾವನ್ನು ಹಳೆಯ ಆವೃತ್ತಿ ತೆರೆಯುವುದಿಲ್ಲ. ಲೆಕ್ಕಪರಿಶೋಧಕರ ಕಚೇರಿಯ ಅಸಲಿ ಟ್ಯಾಲಿಯಲ್ಲಿ ಒಮ್ಮೆ ತೆರೆದು ಬದಲಾಯಿಸಿ ತಂದರೆ ನಿಮ್ಮ ಕ್ರ್ಯಾಕ್‌ನಲ್ಲಿ ಅದು ನಿರುಪಯೋಗಿ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಆರು ವರ್ಷ ಉಳಿಯಬೇಕಾದ ಲೆಕ್ಕವನ್ನು ಇಂಥದರ ಮೇಲೆ ನಿಲ್ಲಿಸಬೇಡಿ.

ಅಂಗಡಿ ಮುಚ್ಚಿದವರ ಲೈಸೆನ್ಸ್ ಅಸಲಿಯೇ ಇರಬಹುದು. ಆದರೆ ಸೀರಿಯಲ್ ನಂಬರ್ ಕೈಗೆ ಬಂದರೆ ಸಾಲದು, ಅದರ ಖಾತೆಯ ಅಡ್ಮಿನ್ ಇಮೇಲ್ ನಿಮ್ಮದಾಗಬೇಕು. ಹಳೆಯ ಮಾಲೀಕರ ಇಮೇಲ್ ಹಾಗೇ ಉಳಿದರೆ ಅವರು ಯಾವತ್ತು ಬೇಕಾದರೂ ಲೈಸೆನ್ಸನ್ನು ಬೇರೆ ಕಂಪ್ಯೂಟರ್‌ಗೆ ಎಳೆದುಕೊಳ್ಳಬಹುದು. ಹಣ ಕೊಡುವ ಮೊದಲು ಅಧಿಕೃತ ಟ್ಯಾಲಿ ಪಾಲುದಾರರನ್ನು ಕರೆಸಿ. ಹೆಸರು ಬದಲಾವಣೆಗೆ ಕಂಪನಿ ಒಪ್ಪುತ್ತದೆಯೇ, ಟಿಎಸ್‌ಎಸ್ ಎಂಬ ವಾರ್ಷಿಕ ಸೇವೆ ಯಾವಾಗ ಮುಗಿದಿದೆ, ನವೀಕರಣಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಆ ಮೊತ್ತ ಸೇರಿಸಿದಾಗ ಅಗ್ಗ ಎನ್ನುವುದು ಹೆಚ್ಚು ಉಳಿಯುವುದಿಲ್ಲ. ಒಂದೇ ಕಂಪ್ಯೂಟರ್ ಆದರೆ ಸಿಲ್ವರ್ ಸಾಕು, ಗೋಲ್ಡ್ ಬೇಕಿರುವುದು ಒಂದೇ ಜಾಲದಲ್ಲಿ ಹಲವರು ಕೂತು ಬರೆಯುವವರಿಗೆ. ಹತ್ತಿ ಸೀಸನ್ನಿನ ಕೆಲವೇ ತಿಂಗಳು ಕೆಲಸ ಜಾಸ್ತಿ ಇರುವವರಿಗೆ ಬಾಡಿಗೆ ಲೈಸೆನ್ಸೂ ಇದೆ, ಅದನ್ನು ವಿಚಾರಿಸಿ. ಗುಮಾಸ್ತರು ಕಲಿಯುವುದಕ್ಕಾದರೆ ಶಿಕ್ಷಣ ಮೋಡ್ ಉಚಿತ, 1, 2 ಮತ್ತು 31ನೇ ತಾರೀಖಿನ ವೋಚರ್ ಮಾತ್ರ ಹಾಕಲು ಬಿಡುತ್ತದೆ.

ಈಗಾಗಲೇ ಕ್ರ್ಯಾಕ್‌ನಲ್ಲಿ ಲೆಕ್ಕ ಬರೆದಿದ್ದರೆ ಗಾಬರಿ ಬೇಡ. ಆಲ್ಟ್ ಮತ್ತು ವೈ ಒತ್ತಿ, ಬ್ಯಾಕಪ್ ಆರಿಸಿ, ಬೇರೆ ಡಿಸ್ಕಿಗೆ ಪ್ರತಿ ತೆಗೆಯಿರಿ. ಅಸಲಿ ಟ್ಯಾಲಿಯಲ್ಲಿ ಅದನ್ನು ರಿಸ್ಟೋರ್ ಮಾಡಿ, ಟ್ರಯಲ್ ಬ್ಯಾಲೆನ್ಸ್ ಎರಡರಲ್ಲೂ ತಾಳೆ ನೋಡಿದ ಮೇಲೆ ಹಳೆಯದನ್ನು ಅಳಿಸಿ.

ಪ್ರಶ್ನೆ: ಫ್ಲೆಕ್ಸ್, ಲಗ್ನಪತ್ರಿಕೆ ವಿನ್ಯಾಸ ಮಾಡುತ್ತೇನೆ. ಫೋಟೊಶಾಪ್, ಕೋರೆಲ್ ಲೈಫ್‌ಟೈಮ್ ಕೀ ಎರಡೂ ಸೇರಿ 1,500 ಅನ್ನುತ್ತಾರೆ. ಜೊತೆಗೆ ನುಡಿ ಕೀ 200ಕ್ಕೆ.
— ಡಿಟಿಪಿ ಕೆಲಸಗಾರರು, ಸಿರುಗುಪ್ಪ

ಉತ್ತರ: ನುಡಿಗೆ ಒಂದು ಪೈಸೆಯೂ ಕೊಡಬೇಡಿ. ಕನ್ನಡ ಗಣಕ ಪರಿಷತ್ತು ತಯಾರಿಸಿದ ನುಡಿ ಎಲ್ಲರಿಗೂ ಉಚಿತ. ಅದಕ್ಕೆ ಕೀ ಮಾರುವವರು ಮಿಕ್ಕ ಎರಡರಲ್ಲೂ ನಂಬಿಕೆಗೆ ಅರ್ಹರಲ್ಲ.

ಅಡೋಬಿ 2013ರಿಂದ ಹೊಸ ಆವೃತ್ತಿಗಳನ್ನು ಚಂದಾ ರೂಪದಲ್ಲಿ ಮಾತ್ರ ಕೊಡುತ್ತಿದೆ. ಅದಕ್ಕೆ ಹಿಂದಿನ ಕೊನೆಯ ಆವೃತ್ತಿಯಾದ ಸಿಎಸ್6 ನಂತರದ ಯಾವ ಫೋಟೊಶಾಪಿಗೂ ಲೈಫ್‌ಟೈಮ್ ಕೀ ಇರಲು ಸಾಧ್ಯವಿಲ್ಲ, ಕೊಡುತ್ತೇವೆ ಎಂದರೆ ಅದು ಕ್ರ್ಯಾಕೇ. ಕ್ರ್ಯಾಕ್‌ಗಳ ಜೊತೆ ಬರುವ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವಿನ್ಯಾಸಗಾರರಿಗೆ ಕೊಡುವ ಪೆಟ್ಟು ದೊಡ್ಡದು. ವರ್ಷಗಳ ಲಗ್ನಪತ್ರಿಕೆ, ಬ್ಯಾನರ್ ಕಡತಗಳೆಲ್ಲ ಒಂದೇ ರಾತ್ರಿಯಲ್ಲಿ ತೆರೆಯಲಾರದಂತಾಗುತ್ತವೆ, ಲಗ್ನದ ಸೀಸನ್ನಿನಲ್ಲಿ ಹೀಗಾದರೆ ಗಿರಾಕಿಗಳಿಗೆ ಹೇಳಲು ಮಾತಿರುವುದಿಲ್ಲ.

ಪೂರ್ತಿ ಉಚಿತಕ್ಕೆ ಬದಲಾಗಬಹುದೇ? ಆಗಬಹುದು, ಆದರೆ ಮಿತಿ ಗೊತ್ತಿರಲಿ. ಕೋರೆಲ್ ಮಾಡುವ ಕೆಲಸದ ಬಹುಪಾಲು ಇಂಕ್‌ಸ್ಕೇಪ್ ಮಾಡುತ್ತದೆ, ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ, ನುಡಿಯ ಹಳೆಯ ಆಸ್ಕಿ ಫಾಂಟುಗಳೂ ನಡೆಯುತ್ತವೆ. ನಿಮ್ಮ ಹಳೆಯ ಸಿಡಿಆರ್ ಕಡತಗಳನ್ನು ತೆರೆಯುತ್ತದಾದರೂ ನೆರಳು, ಪಾರದರ್ಶಕ ಪದರ ಕೆಡುವುದುಂಟು, ಹೊಸ ಕೋರೆಲ್‌ನ ಕಡತ ತೆರೆಯದೆಯೂ ಇರಬಹುದು. ಬಣ್ಣವನ್ನು ಅದು ಪರದೆಗೆ ಹೊಂದುವ ಆರ್‌ಜಿಬಿಯಲ್ಲಿ ಹೊರಹಾಕುತ್ತದೆ. ಫ್ಲೆಕ್ಸ್ ಯಂತ್ರದ ರಿಪ್ ಸಾಫ್ಟ್‌ವೇರ್ ಅದನ್ನು ತಾನೇ ಬದಲಿಸಿಕೊಳ್ಳುವುದರಿಂದ ಬ್ಯಾನರಿಗೆ ತೊಂದರೆಯಿಲ್ಲ. ಆಫ್‌ಸೆಟ್‌ನಲ್ಲಿ ಅಚ್ಚಾಗುವ ಪತ್ರಿಕೆಗೆ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣ ಬೇಕು, ಅದಕ್ಕೆ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ ಪಿಡಿಎಫ್ ತೆಗೆಯಿರಿ. ಪ್ರೆಸ್ಸಿಗೆ ಕಳಿಸುವ ಮುನ್ನ ಅಕ್ಷರಗಳನ್ನು ಪಾತ್ ಆಗಿ ಬದಲಿಸಿದ ಒಂದು ಪ್ರತಿ ಮಾಡಿ, ತಿದ್ದಬಹುದಾದ ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ. ಫೋಟೊ ತಿದ್ದಲು ಗಿಂಪ್ ಅಥವಾ ಕ್ರಿತಾ. ಕೋರೆಲ್ ಇಲ್ಲದೆ ಆಗುವುದೇ ಇಲ್ಲ ಎನ್ನುವವರು ಒಂದೇ ಯಂತ್ರಕ್ಕೆ ಅಸಲಿ ಚಂದಾ ತೆಗೆದುಕೊಂಡು ಕೊನೆಯ ಹಂತದ ಕೆಲಸ ಅದರಲ್ಲಿ ಮಾಡಲಿ.

ಪ್ರಶ್ನೆ: ಫ್ಯಾಬ್ರಿಕೇಷನ್ ಗುತ್ತಿಗೆ ಹಿಡಿಯುತ್ತೇನೆ, ತೋರಣಗಲ್ಲು ಕಡೆ ಕೆಲಸ. ಆಟೋಕ್ಯಾಡ್ ಮೂರು ವರ್ಷದ ಲೈಸೆನ್ಸ್ 1,200ಕ್ಕೆ ಸಿಗುತ್ತಿದೆ, ನನ್ನದೇ ಇಮೇಲ್‌ಗೆ ಬರುತ್ತದಂತೆ.
— ಸಂಡೂರು ಓದುಗರು

ಉತ್ತರ: ಅದು ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಉಚಿತವಾಗಿ ಕೊಡುವ ಶಿಕ್ಷಣ ಲೈಸೆನ್ಸ್. ಸುಳ್ಳು ದಾಖಲೆ ತೋರಿಸಿ ನಿಮ್ಮ ಇಮೇಲ್‌ಗೆ ಹಾಕಿಸಿಕೊಡುತ್ತಾರೆ. ಅದು ಒಂದು ವರ್ಷದ್ದು, ಪ್ರತಿ ವರ್ಷ ಅರ್ಹತೆ ಮತ್ತೆ ತೋರಿಸಬೇಕು, ಹಾಗಾಗಿ ಮೂರು ವರ್ಷದ ಮಾತು ನಿಲ್ಲುವುದಿಲ್ಲ. ಗುತ್ತಿಗೆ ಕೆಲಸಕ್ಕೆ ಅದನ್ನು ಬಳಸುವುದು ಷರತ್ತಿಗೆ ನೇರ ವಿರುದ್ಧ. ವಾಣಿಜ್ಯ ಬಳಕೆ ಪತ್ತೆಯಾದರೆ ನೋಟಿಸು ಬರುವುದು ಮಾರಿದವನಿಗಲ್ಲ, ಇಮೇಲ್ ಯಾರದೋ ಅವರಿಗೆ. ದೊಡ್ಡ ಕಾರ್ಖಾನೆಗಳ ವೆಂಡರ್ ಪಟ್ಟಿಯಲ್ಲಿರುವವರಿಗೆ ಆ ಹೆಸರು ಕೆಡುವುದು ಸಾಫ್ಟ್‌ವೇರ್ ಖರ್ಚಿಗಿಂತ ದೊಡ್ಡ ನಷ್ಟ. ಶಾಶ್ವತ ಲೈಸೆನ್ಸ್ ಎಂದು ಯಾರಾದರೂ ಹೇಳಿದರೂ ನಂಬಬೇಡಿ, ಆಟೋಡೆಸ್ಕ್ ಅವುಗಳ ಹೊಸ ಮಾರಾಟವನ್ನು 2016ರಲ್ಲೇ ನಿಲ್ಲಿಸಿದೆ.

ಬರೀ ನಕ್ಷೆ ತೆರೆದು ಅಳತೆ ನೋಡಿ ಪ್ರಿಂಟ್ ಹಾಕುವುದಾದರೆ ಕಂಪನಿಯದೇ ಉಚಿತ ‘ಡಿಡಬ್ಲ್ಯುಜಿ ಟ್ರೂವ್ಯೂ’ ಸಾಕು. ಎರಡು ಆಯಾಮದ ನಕ್ಷೆ ಬರೆಯಲು ಆಟೋಕ್ಯಾಡ್ ಎಲ್‌ಟಿ ಚಂದಾ ಪೂರ್ಣ ಆವೃತ್ತಿಗಿಂತ ಬಹಳ ಕಡಿಮೆ. ಆಟೋಕ್ಯಾಡಿನ ಡಿಡಬ್ಲ್ಯುಜಿ ಕಡತವನ್ನು ಓದಿ ಬರೆಯುವ ಜಡ್‌ಡಬ್ಲ್ಯುಕ್ಯಾಡ್, ಬ್ರಿಕ್ಸ್‌ಕ್ಯಾಡ್‌ಗಳಿಗೆ ಶಾಶ್ವತ ಲೈಸೆನ್ಸ್ ಈಗಲೂ ಸಿಗುತ್ತದೆ, ಪ್ರಯೋಗದ ಆವೃತ್ತಿಯಲ್ಲಿ ನಿಮ್ಮ ನಿಜವಾದ ಒಂದು ನಕ್ಷೆ ತೆರೆದು ಪರೀಕ್ಷಿಸಿ ಕೊಳ್ಳಿ. ಲಿಬ್ರೆಕ್ಯಾಡ್ ಉಚಿತವಾದರೂ ಉಳಿಸುವುದು ಡಿಎಕ್ಸ್‌ಎಫ್ ರೂಪದಲ್ಲಿ, ಡಿಡಬ್ಲ್ಯುಜಿಯನ್ನೇ ಕೇಳುವ ಕಾರ್ಖಾನೆಗೆ ಆಗುವುದಿಲ್ಲ.

ಪ್ರಶ್ನೆ: ಆಂಟಿವೈರಸ್ 3 ವರ್ಷದ ಕೀ 150 ರೂಪಾಯಿ. ಇದಾದರೂ ತಗೋಬಹುದೇ?
— ಕುಷ್ಟಗಿ ಓದುಗರು

ಉತ್ತರ: ಹತ್ತು ಯಂತ್ರದ ಒಂದು ಪ್ಯಾಕನ್ನು ಹತ್ತು ಜನಕ್ಕೆ ಹಂಚಿ ಮಾರಿರುತ್ತಾರೆ. ಖಾತೆ ಮಾರಿದವನದು, ನಿಮ್ಮ ಯಂತ್ರವನ್ನು ಪಟ್ಟಿಯಿಂದ ತೆಗೆದು ಇನ್ನೊಬ್ಬರಿಗೆ ಮಾರುವುದು ಅವನಿಗೆ ಒಂದು ಕ್ಲಿಕ್ಕಿನ ಕೆಲಸ. ಅವಧಿ ಎಣಿಕೆಯಾಗುವುದೂ ಅವನು ಮೊದಲು ಆ್ಯಕ್ಟಿವೇಟ್ ಮಾಡಿದ ದಿನದಿಂದ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು, ಅದನ್ನು ಬಂದ್ ಮಾಡದೆ, ಅಪ್‌ಡೇಟ್ ನಿಲ್ಲಿಸದೆ ಇದ್ದರೆ ಆಯಿತು. ಆದರೆ ವಿಂಡೋಸ್ 10 ಇನ್ನೂ ಬಳಸುತ್ತಿರುವವರು ಗಮನಿಸಿ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಆವೃತ್ತಿಗೆ ಈಗ ಕೀ ಕೊಳ್ಳುವುದು, ಎಷ್ಟೇ ಅಗ್ಗವಾದರೂ, ಹಣ ಪೋಲು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಕ್ಕೆ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಲಿನಕ್ಸ್ ಮಿಂಟ್ ಹಾಕಿ ನೋಡಿ.

ಪ್ರಶ್ನೆ: ವಿಂಡೋಸ್ ಕೀ ಕೊಂಡಿದ್ದೆ. ಐದು ತಿಂಗಳು ನಡೆದು ಈಗ ಎರರ್ ಬರುತ್ತಿದೆ. ಮಾರಿದವರು ಉತ್ತರ ಕೊಡುತ್ತಿಲ್ಲ. ಹಣ ವಾಪಸ್ ಸಿಗುತ್ತದೆಯೇ?
— ಕೊಪ್ಪಳ ಓದುಗರು

ಉತ್ತರ: ಮೊದಲು ಎರರ್ ಕೋಡಿನ ಕೊನೆಯ ಭಾಗ ನೋಡಿ. ‘004ಸಿ003’ ಎಂದು ಮುಗಿದರೆ ಮೈಕ್ರೋಸಾಫ್ಟ್ ಆ ಕೀಯನ್ನು ತಡೆಹಿಡಿದಿದೆ. ‘004ಸಿ008’ ಎಂದರೆ ಮಿತಿಗಿಂತ ಹೆಚ್ಚು ಸಲ ಬಳಕೆಯಾಗಿದೆ. ‘004ಎಫ್074’ ಎಂದರೆ ಕೆಎಂಎಸ್ ಸರ್ವರ್ ಸಿಗುತ್ತಿಲ್ಲ, ಅಂದರೆ ನಿಮಗೆ ಕೊಟ್ಟದ್ದು ಕೀಯೇ ಅಲ್ಲ, 180 ದಿನದ ಆಟ. ಐದಾರು ತಿಂಗಳಿಗೆ ನಿಂತವುಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕು. ‘004ಎಫ್211’ ಬಂದರೆ ಯಂತ್ರದ ಭಾಗ ಬದಲಾಗಿದೆ ಎಂದರ್ಥ, ಇದರಲ್ಲಿ ಮಾತ್ರ ಆ್ಯಕ್ಟಿವೇಷನ್ ಟ್ರಬಲ್‌ಶೂಟರ್ ಓಡಿಸಿ ಸರಿಪಡಿಸುವ ಆಸೆ ಇಟ್ಟುಕೊಳ್ಳಬಹುದು.

ಈ ಪರದೆಯ ಫೋಟೊ, ಆರ್ಡರ್ ಸಂಖ್ಯೆ, ಜಾಹೀರಾತಿನ ಸ್ಕ್ರೀನ್‌ಶಾಟ್, ಹಣ ಕಳಿಸಿದ ಯುಪಿಐ ವಿವರ ಒಂದೆಡೆ ಇಡಿ. ಆನ್‌ಲೈನ್ ಮಾರುಕಟ್ಟೆ ತಾಣದಲ್ಲಿ ಕೊಂಡಿದ್ದರೆ ಅದರ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಜೊತೆಗೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಘಟನೆಯಿಂದ 2 ವರ್ಷದೊಳಗೆ ಹಾಕಿರಬೇಕು. ವ್ಯಾಪಾರಕ್ಕೆಂದು ಕೊಂಡಿದ್ದರೆ ‘ವಾಣಿಜ್ಯ ಉದ್ದೇಶ’ ಎಂಬ ತಕರಾರು ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಎಂದು ತೋರಿಸಿದರೆ ನೀವು ಗ್ರಾಹಕರೇ. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ವಿವಾದ ಅರ್ಜಿ ಕೊಡಲು ಅವಕಾಶ ಉಳಿದಿದೆಯೇ ಕೇಳಿ. ವಾಟ್ಸ್‌ಆ್ಯಪ್‌ನ ಅಪರಿಚಿತರಿಗೆ ಯುಪಿಐನಲ್ಲಿ ಕಳಿಸಿದ 500 ರೂಪಾಯಿ ಮರಳುವುದು ಮಾತ್ರ ಕಷ್ಟ.

ಮಾರಿದವರು ಈಗ ಕರೆ ಮಾಡಿ ‘ರೀಫಂಡ್ ಕೊಡುತ್ತೇವೆ, ಎನಿಡೆಸ್ಕ್ ಹಾಕಿ’ ಅಥವಾ ‘ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದರೆ ಕರೆ ಕಡಿದುಬಿಡಿ. ಎನಿಡೆಸ್ಕ್ ನಿಮ್ಮ ಯಂತ್ರವನ್ನು ದೂರದಿಂದಲೇ ಅವರ ಕೈಗೆ ಕೊಡುವ ತಂತ್ರಾಂಶ. ಹಣ ಬರಲು ಪಿನ್ ಬೇಕಿಲ್ಲ. ಕೀ ಹಾಕಿಕೊಡುವಾಗ ಅವರು ಎನಿಡೆಸ್ಕ್‌ನಿಂದ ಒಳಬಂದಿದ್ದರೆ ಆ ತಂತ್ರಾಂಶ ತೆಗೆದುಹಾಕಿ, ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಫೋನಿನಿಂದ ಇವತ್ತೇ ಬದಲಿಸಿ. ಖಾತೆಯಿಂದ ಹಣ ಹೋಗಿದ್ದು ಕಂಡರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ಮುಂದಿನ ಖಾತೆಯಲ್ಲೇ ತಡೆಯುವ ಅವಕಾಶ ಹೆಚ್ಚು.